ಶಿಲ್ಪಗಳ ನಡುವೆ ನಮ್ಮ ಕೂಸು

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಸಕುಟುಂಬ ಹಾವೇರಿ ಜಿಲ್ಲೆಯ ಪ್ರವಾಸ ಕೈಗೊಂಡಿದ್ದೆವು. ಬಂಕಾಪುರದ ನಗರೇಶ್ವರ ದೇವಾಲಯದ ಕಂಬಗಳ ನಡುವೆ ಓಡಾಡಿ ದಣಿದ ಎರಡು ವರ್ಷದ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆಯೇ ನಿದ್ರಿಸಿದಳು.

ಮಧ್ಯಾಹ್ನ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಬಂದೆವು. 2020ರಲ್ಲಿ ನಿಧನರಾದ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸಿನ ಈ ಉದ್ಯಾನದಲ್ಲಿ ಹಳ್ಳಿಯ ಬಾಳ್ವೆಯೇ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ನಮ್ಮ ಮನೆಯವರು ಒಂದೊಂದನ್ನೂ ಹೆಸರಿಸಿ ಹೇಳುತ್ತಿದ್ದರೆ ಮಗ-ಸೊಸೆಯರು ಹೊಸ ಸಂಗತಿಯೆಂಬಂತೆ ಕೇಳುತ್ತಿದ್ದರು. ನಾವೂ ಬಾಲ್ಯದ ನೆನಪಿನಲ್ಲಿ ಮೈಮರೆತೆವು. ಎಚ್ಚರವಾದಾಗ ಕೂಸು ಇಲ್ಲ! ಮತ್ತೊಬ್ಬರ ಬಳಿ ಇರಬಹುದೆಂದು ಪ್ರತಿಯೊಬ್ಬರೂ ಭಾವಿಸಿದ್ದೆವು. (ಮಗುವಿನ ಕೈ ಹಿಡಿಯುವವರಾರೆಂದು ಬಾಗಿಲಲ್ಲಿಯೇ ಗೊತ್ತುಮಾಡಿಕೊಳ್ಳಬೇಕಿತ್ತು, ತಪ್ಪು ನಮ್ಮದೇ.) ಶಿಲ್ಪದ ಮಕ್ಕಳನ್ನು ಕಂಡು ಸೊಸೆ ಎರಡು ಬಾರಿ ಮೋಸಹೋಗಿ ಕಣ್ಣೀರಾದಳು.

ಕೊನೆಗೆ ಕಂಡಳು. ಆಕಳ ಶಿಲ್ಪವೊಂದರೆದುರು ಹಿಡಿಹುಲ್ಲನ್ನು ಚಾಚಿ, ಅದು ಬಾಯ್ದೆರೆಯಲೆಂದು ಅಲುಗಾಡದೆ ನಿಂತಿದ್ದಳು.

"ಅಜ್ಜಾ, ಅಂಬಾ ತಿನ್ನವಲ್ದು" ಎಂದು ದೂರಿದಳು.

ಮರಳುವ ದಾರಿಯ ಹಳ್ಳಿಯೊಂದರಲ್ಲಿ ಕಾರು ನಿಲ್ಲಿಸಿದೆವು. ಆ ಪುಟ್ಟ ಮುಷ್ಟಿಯಲ್ಲಿ ಬಾಡಿಹೋಗಿದ್ದ ಅದೇ ಹುಲ್ಲನ್ನು ಅಲ್ಲಿನ ಆಕಳೊಂದು ತಿಂದಿತು.