ಹೋಡಿಗೆ ಎಷ್ಟು ಎಚ್‌ಪಿ ಬೇಕು?

ಸೊಲ್ಲಾಪುರ: ಭೀಮಾ ದಂಡೆಯ ಊರುಗಳಲ್ಲಿ ಹೋಡಿಗೆ ಇಂಜಿನ್ ಕೂಡಿಸುವ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: 'ಎಷ್ಟು ಎಚ್‌ಪಿದು ತಗೋಬೇಕ್ರಿ?' ಉತ್ತರವೂ ತಯಾರಾಗಿಯೇ ಇರುತ್ತದೆ. 'ದೊಡ್ಡದೇ ತಗೋರಿ, ನಾಳೆ ಗಾಳಿ ಬಿಟ್ರ ಉಪಯೋಗಕ್ಕ ಬರ್ತದ.' ಕೇಳಲಿಕ್ಕೆ ಶಾಣ್ಯಾತನದ ಮಾತು. ಆದರೆ ಹೋಡಿಯ ವಿಷಯದಲ್ಲಿ ಇದು ಅರ್ಧ ಸತ್ಯ. ಉಳಿದರ್ಧ ಅಪಾಯ.

2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ ಕರಮಾಳಾ ತಾಲೂಕಿನ ಕುಗಾವ ಮತ್ತು ಇಂದಾಪುರ ತಾಲೂಕಿನ ಕಳಾಶಿ ನಡುವೆ ಓಡಾಡುವ ಪ್ರಯಾಣಿಕರ ಹೋಡಿ ಬಿರುಗಾಳಿಗೆ ಸಿಕ್ಕು ಮುಳುಗಿತು. 6 ಜನ ಜೀವ ಕಳಕೊಂಡರು. ಮರಾಠಿಯವರು ವಳೀವ ಅನ್ನುವ, ಕನ್ನಡದವರು ಅಡ್ಡಮಳೆ ಅನ್ನುವ ಮಳೆಯ ಮುಂದೆ ಬರುವ ಗಾಳಿ ಅದು. ಹೇಳಿ ಕೇಳಿ ಬರುವಂಥದ್ದಲ್ಲ. ಅಂಥ ಗಾಳಿಯಲ್ಲಿ ಹೋಡಿಯನ್ನು ಮಗುಚುವುದು ಅಲೆ, ಹೊರೆ ಮತ್ತು ತೋಲ. ಇಂಜಿನ್ ಎಷ್ಟು ದೊಡ್ಡದಿದ್ದರೂ ಈ ಮೂರಕ್ಕೂ ಅದು ಔಷಧವಲ್ಲ.

ರೈತರಿಗೆ ಈ ಲೆಕ್ಕ ಹೊಸದೇನಲ್ಲ. ಒಂದೂವರೆ ಇಂಚು ನೀರು ಇರುವ ಬೋರ್‌ವೆಲ್‌ಗೆ ಏಳೂವರೆ ಎಚ್‌ಪಿ ಮೋಟಾರ್ ಇಳಿಸಿದರೆ ನೀರು ಹೆಚ್ಚಾಗುವುದಿಲ್ಲ, ಮೋಟಾರ್ ಸುಡುತ್ತದೆ ಅಷ್ಟೇ. ಹೋಡಿಗೂ ಹಾಗೆಯೇ ಒಂದು ಮಿತಿ ಇದೆ. ಹೊರೆ ಹೊತ್ತ ಹೋಡಿ ನೀರನ್ನು ಸೀಳಿ ಹೋಗಬೇಕು. ಹೋಗುತ್ತ ಹೋಗುತ್ತ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗಿ ಕೊನೆಗೆ ಹೋಡಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ಹೋಡಿ ತನ್ನದೇ ಅಲೆಯ ದಿಬ್ಬ ಹತ್ತಬೇಕು. ನೀರಿನ ಮಟ್ಟದಲ್ಲಿ 20 ಅಡಿ ಉದ್ದವಿರುವ ಹೋಡಿಗೆ ಈ ಮಿತಿ ತಾಸಿಗೆ ಸುಮಾರು 11 ಕಿ.ಮೀ. ಅದಕ್ಕೆ 6 ಎಚ್‌ಪಿ ಸಾಕಾಗುವ ಕಡೆ 25 ಎಚ್‌ಪಿ ಹಾಕಿದರೆ ವೇಗ ನಾಲ್ಕು ಪಟ್ಟಾಗುವುದಿಲ್ಲ, ಎಣ್ಣೆಯ ಖರ್ಚು ಮಾತ್ರ ನಾಲ್ಕು ಪಟ್ಟಾಗುತ್ತದೆ. ಹಗುರಾದ, ಚಪ್ಪಟೆ ತಳದ ದೋಣಿ ದೊಡ್ಡ ಇಂಜಿನ್‌ಗೆ ನೀರಿನ ಮೇಲೆದ್ದು ಓಡಬಹುದು, ಖರೆ. ಆದರೆ ಎಂಟು ಜನ, ಅದರ ಮೇಲೊಂದು ಮೋಟಾರ್‌ಸೈಕಲ್ ಹೇರಿದ ಹೋಡಿ ಎಲ್ಲಿ ಏಳಬೇಕು?

ಸಮುದ್ರದಲ್ಲಿ ಸಣ್ಣ ಹಾಯಿದೋಣಿ ಇಟ್ಟುಕೊಂಡವರು ಪಾಲಿಸುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರಿಗೆ ಇಂಜಿನ್ ಅಂದರೆ ಗಾಳಿ ಬಿದ್ದಾಗ, ಬಂದರಿಗೆ ಬರುವಾಗ ಬೇಕಾದ ಸಹಾಯ ಮಾತ್ರ. ಹೀಗಾಗಿ ಅವರು ವೇಗ ನೋಡುವುದಿಲ್ಲ, ತೂಕ ನೋಡುತ್ತಾರೆ. ಒಂದು ಟನ್ ತೂಕಕ್ಕೆ ಹೆಚ್ಚುಕಡಿಮೆ 4 ಎಚ್‌ಪಿ. ಖಾಲಿ ಹೋಡಿ 600 ಕಿಲೋ, ತಲಾ 65 ಕಿಲೋದಂತೆ ಎಂಟು ಜನ 520, ಮೋಟಾರ್‌ಸೈಕಲ್ 120, ಇಂಜಿನ್ ಮತ್ತು ಎಣ್ಣೆ 60 ಹಿಡಿಯಿರಿ. ಒಟ್ಟು 1,300 ಕಿಲೋ. ಅಂದರೆ 5 ಎಚ್‌ಪಿಗಿಂತ ತುಸು ಹೆಚ್ಚು. ಬಾಂದಾರಿನ ಹಿಂದಿನ ನಿಂತ ನೀರಿಗೆ 6 ಎಚ್‌ಪಿ ಧಾರಾಳ. ಉಜನಿಯಂಥ ಅಗಲ ನೀರಿನಲ್ಲಿ, ಎದುರು ಗಾಳಿಗೆ, 8 ಅಥವಾ 9.9 ಎಚ್‌ಪಿ ಸರಿ. ತೀರ ಸಣ್ಣ ಇಂಜಿನ್ ಕೂಡ ತಪ್ಪೇ. ಗಾಳಿ ಬಂದಾಗ ಹೋಡಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿಯುವಷ್ಟು ಶಕ್ತಿ ಇಲ್ಲದಿದ್ದರೆ ಅಡ್ಡ ಅಲೆಗೆ ಸಿಕ್ಕ ಹಾಗೆಯೇ.

ದೊಡ್ಡ ಇಂಜಿನ್ನಿನ ನಿಜವಾದ ಗಂಡಾಂತರ ಇರುವುದು ಹಿಂಭಾಗದಲ್ಲಿ. 5 ಎಚ್‌ಪಿಯ ಫೋರ್ ಸ್ಟ್ರೋಕ್ ಇಂಜಿನ್ ಸುಮಾರು 25 ಕಿಲೋ ತೂಗಿದರೆ 25 ಎಚ್‌ಪಿಯದು ಅದರ ಎರಡು ಪಟ್ಟಿಗೂ ಮಿಕ್ಕುತ್ತದೆ. ನಡೆಸುವವನೂ ಅಲ್ಲೇ ಕೂಡಬೇಕು, ಎಣ್ಣೆ ಕ್ಯಾನೂ ಅಲ್ಲೇ. ಹಿಂದೆ ಕುಸಿದು ಮುಂದೆ ಎದ್ದ ಹೋಡಿಯಲ್ಲಿ ಹಿಂದಿನ ಹಲಗೆ ನೀರಿಗೆ ನಾಲ್ಕು ಬೆರಳು ಮಾತ್ರ ಮೇಲಿರುತ್ತದೆ. ಜೋರಾಗಿ ಬಂದು ಒಮ್ಮೆಲೆ ಥ್ರಾಟಲ್ ಇಳಿಸಿದರೆ ಹಿಂದಿನಿಂದ ಬಂದ ತನ್ನದೇ ಅಲೆ ಹಲಗೆ ದಾಟಿ ಒಳಗೆ ಬರುತ್ತದೆ. ಇದಕ್ಕೆ ಬಿರುಗಾಳಿಯೂ ಬೇಕಿಲ್ಲ.

ಎಚ್‌ಪಿಯ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆ ಇಂಜಿನ್ ಕಾಲಿನ ಉದ್ದ. 15, 20, 25 ಇಂಚು ಎಂದು ಮೂರು ನಮೂನೆ ಬರುತ್ತವೆ. ಎತ್ತರದ ಹಲಗೆಗೆ ಗಿಡ್ಡ ಕಾಲಿನದು ತಂದರೆ ಅಲೆಯಲ್ಲಿ ಪಂಖಾ ನೀರಿಂದ ಹೊರಗೆ ಬಂದು ಬರಿದೇ ತಿರುಗುತ್ತದೆ, ಇಂಜಿನ್ ಚೀರುತ್ತದೆ, ಹೋಡಿ ನಿಂತಲ್ಲೇ. ಪಂಖಾದ ವಿಷಯವೂ ಹಾಗೇ. ಹೊರೆ ಎಳೆಯುವ ಹೋಡಿಗೆ ಅಗಲ ಜಾಸ್ತಿ, ಪಿಚ್ ಕಡಿಮೆ ಇರುವ ಪಂಖಾ ಬೇಕು. ಕಬ್ಬಿನ ಟ್ರಾಲಿ ಜಗ್ಗುವಾಗ ಟ್ರ್ಯಾಕ್ಟರ್‌ಗೆ ಲೋ ಗೇರ್ ಹಾಕುವುದಿಲ್ಲವೆ, ಅದೇ.

ಹಳೆಯ ಟೂ ಸ್ಟ್ರೋಕ್ ಇಂಜಿನ್ ಅಗ್ಗಕ್ಕೆ ಸಿಗುತ್ತದೆ, ಹಗುರವೂ ಹೌದು. ಆದರೆ ಅದು ಸುಡದ ಎಣ್ಣೆಯ ಒಂದು ಪಾಲನ್ನು ಹೊಗೆಯ ಜೊತೆ ನೀರಿಗೇ ಬಿಡುತ್ತದೆ. ಸೊಲ್ಲಾಪುರ ಶಹರ ಕುಡಿಯುವುದು ಉಜನಿಯ ನೀರನ್ನೇ ಅನ್ನುವುದು ನೆನಪಿರಲಿ.

ಇನ್ನು ಕಾಯ್ದೆ. ಇಂಜಿನ್ ಕೂಡಿಸಿದ ಕ್ಷಣದಿಂದ ಹೋಡಿ 2021ರ ಒಳನಾಡು ಹಡಗು ಕಾಯ್ದೆಯ ಕಣ್ಣಿಗೆ ಯಾಂತ್ರಿಕ ಹಡಗು. ತಪಾಸಣೆ, ನೋಂದಣಿ, ಜೀವರಕ್ಷಕ ಸಾಮಾನು ಎಲ್ಲ ಬೇಕು. 'ನಮ್ಮದು ಸಣ್ಣ ಹೋಡಿ, ಯಾರ್ ಕೇಳ್ತಾರ್ರೀ' ಅನ್ನುವುದು ಇನ್ನು ಸಲ್ಲದು. ಹಾಗೆಯೇ ಕೇಳಬೇಕಾದವರು ಅಪಘಾತವಾದ ಮೇಲೆ ಎಂಟು ದಿನ ಮಾತ್ರ ಕೇಳುವುದೂ ಸಲ್ಲದು. ಪ್ರತಿ ಹೋಡಿಯ ಪಕ್ಕೆಯ ಮೇಲೆ ಎಷ್ಟು ಜನ, ಎಷ್ಟು ಎಚ್‌ಪಿ ಎಂದು ಬಣ್ಣದಲ್ಲಿ ಬರೆಸಿದರೆ ಹತ್ತುವ ಹೆಣ್ಣುಮಕ್ಕಳಿಗೂ ಎಣಿಸಲು ಬರುತ್ತದೆ. ಮರಾಠಿಯ ಜೊತೆ ಕನ್ನಡದಲ್ಲೂ ಬರೆಸಲಿ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ಕಡೆಯ ಹೊಳೆಸಾಲಿಗೆ ಅದು ಬೇಕೇ ಬೇಕು.

25 ಎಚ್‌ಪಿ ಬಿಟ್ಟು 8 ಎಚ್‌ಪಿ ಕೊಂಡರೆ ಉಳಿಯುವ ರೊಕ್ಕದಲ್ಲಿ ಹತ್ತು ಲೈಫ್ ಜಾಕೆಟ್ ಸುಲಭವಾಗಿ ಬರುತ್ತವೆ, ಇನ್ನೂ ಉಳಿಯುತ್ತದೆ. ಇಂಜಿನ್ ಆರಿಸುವ ಹಗ್ಗವನ್ನು ನಡೆಸುವವನ ಕೈಗೆ ಕಟ್ಟಲು ಅಷ್ಟೂ ಖರ್ಚಿಲ್ಲ, ಅದು ಇಂಜಿನ್ ಜೊತೆಗೇ ಬರುತ್ತದೆ. ಅವನು ನೀರಿಗೆ ಬಿದ್ದರೆ ಪಂಖಾ ಕೂಡಲೇ ನಿಲ್ಲುತ್ತದೆ. ಖರೀದಿಗೆ ಮೊದಲು ಅಂಗಡಿಯವರನ್ನು ದಂಡೆಗೇ ಕರೆಸಿ, ದಿನದ ಪೂರ್ತಿ ಹೊರೆಯಷ್ಟು ಉಸುಕಿನ ಚೀಲ ಹೇರಿ, ಥ್ರಾಟಲ್ ಪೂರ್ತಿ ತೆಗೆದು ನೋಡಬೇಕು. ಕಂಪನಿ ಹೇಳಿದ ಆರ್‌ಪಿಎಂ ಮುಟ್ಟದಿದ್ದರೆ ಮೊದಲು ಪಂಖಾ ಬದಲಿಸಿ ಇನ್ನೊಮ್ಮೆ ನೋಡಿ, ಇಂಜಿನ್ ಬದಲಿಸುವ ಮಾತು ಆಮೇಲೆ.