ಸೊನ್ನೆ ಒತ್ತಿದ ಮೇಲೆ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವದಂಚಿನಲ್ಲಿ, ಉಮದಿಯ ಕಡೆ, ನನ್ನ ಆಪ್ತರಾದ ಸಾಹುಕಾರರೊಬ್ಬರು ಒಣದ್ರಾಕ್ಷಿಯ ವ್ಯಾಪಾರವನ್ನು, ಪೇಟೆಯ ಮಾತಿನಲ್ಲಿ ಹೇಳುವುದಾದರೆ ಬೇದಾಣೆಯ ವ್ಯಾಪಾರವನ್ನು, ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಅವರ ಕಚೇರಿಯ ಗೋಡೆಯ ಮೇಲೆ, ಲಕ್ಷ್ಮಿಯ ಪಟಕ್ಕೂ ಕರೆಂಟಿನ ಮೀಟರಿಗೂ ನಡುವೆ, ಬೂದುಬಣ್ಣದ ಒಂದು ಎಕ್ಸ್‌ಚೇಂಜ್ ಪೆಟ್ಟಿಗೆ ಇದೆ. ಕಚೇರಿ, ಗೋದಾಮು, ಕೋಲ್ಡ್ ಸ್ಟೋರೇಜ್, ಕಾಟಾಮನೆ ಇವುಗಳ ಫೋನುಗಳೆಲ್ಲ ಅದಕ್ಕೆ ಸೇರಿವೆ. ಅದರಿಂದ ಹೊರಕ್ಕೆ ಮೂರು ದಾರಿಗಳಿವೆ: 02344 ಎಂಬ ಕೋಡಿನ ಲ್ಯಾಂಡ್‌ಲೈನ್ ಒಂದು, ಮಹಾರಾಷ್ಟ್ರದ ಸಿಮ್ ಒಂದು, ವಿಜಯಪುರದಲ್ಲಿ ಕೊಂಡ ಸಿಮ್ ಮತ್ತೊಂದು. ಗುಮಾಸ್ತನು ಸೊನ್ನೆ ಒತ್ತಿ ಸಂಖ್ಯೆಯನ್ನು ಹಚ್ಚಿದೊಡನೆ ಆ ಕರೆ ಈ ಮೂರರಲ್ಲಿ ಯಾವುದರಿಂದ ಹೊರಬೀಳಬೇಕೆಂಬುದನ್ನು ಗುಮಾಸ್ತನೂ ನಿರ್ಣಯಿಸನು, ಸಾಹುಕಾರರೂ ನಿರ್ಣಯಿಸರು. ಹನ್ನೆರಡು ಹದಿಮೂರು ವರ್ಷಗಳ ಹಿಂದೆ ಬಂದು, ಚಹ ಕುಡಿದು, ಒಂದೆರಡು ತಾಸಿನಲ್ಲಿ ಕೆಲಸ ಮುಗಿಸಿ ಹೋದ ತಂತ್ರಜ್ಞನೊಬ್ಬನು ಬರೆದಿಟ್ಟ ನಿಯಮಗಳೇ ನಿರ್ಣಯಿಸುತ್ತವೆ. ಆ ನಿಯಮಗಳನ್ನು ಕಚೇರಿಯಲ್ಲಿ ಒಬ್ಬರಾದರೂ ಓದಿರಲಿಲ್ಲ.

“ಫೋನ್ ಹತ್ತಿದ್ರ ಸಾಕಲ್ರೀ, ಯಾ ದಾರೀಲೆ ಹೋದ್ರೇನು?” ಎಂದು ಸಾಹುಕಾರರು ನನ್ನನ್ನು ಕೇಳಿದರು. ಸಾಲದು ಎಂಬುದೇ ನನ್ನ ಅಭಿಮತ.

ಕರೆಯ ದಾರಿಯನ್ನು ನಿಶ್ಚಯಿಸುವವನ ಕೈಯಲ್ಲಿ ಎಷ್ಟು ಅಧಿಕಾರವಿದೆಯೆಂಬುದನ್ನು ದೂರವಾಣಿಯ ಆದಿಕಾಲದಲ್ಲೇ ಅಮೆರಿಕದ ಕಾನ್ಸಾಸ್ ನಗರದಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಕಂಡುಕೊಂಡಿದ್ದನು. ಅವನ ಪ್ರತಿಸ್ಪರ್ಧಿಯ ಹೆಂಡತಿ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದು, ಇವನಿಗೆ ಬರಬೇಕಾದ ಕರೆಗಳನ್ನೆಲ್ಲ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಳೆಂದು ಒಂದು ಕಥೆಯಿದೆ. ಕಥೆ ಎಷ್ಟರಮಟ್ಟಿಗೆ ನಿಜವೋ, ಮನುಷ್ಯನ ಕೈಯಿಲ್ಲದೆ ಕರೆಯನ್ನು ಜೋಡಿಸುವ ಯಂತ್ರಕ್ಕೆ ಅವನು 1891ರಲ್ಲಿ ಪೇಟೆಂಟು ಪಡೆದದ್ದಂತೂ ನಿಜ. ನಮ್ಮ ದೇಶದಲ್ಲಿ ಚಂದಾದಾರನು ತಾನೇ ಪರಊರಿಗೆ ಕರೆ ಮಾಡುವ ಎಸ್‌ಟಿಡಿ ಸೌಕರ್ಯ 1960ರಲ್ಲಿ ಲಖನೌ ಕಾನಪುರಗಳ ನಡುವೆ ಮೊದಲಾಯಿತು. ಹಳ್ಳಿಗಳ ಧೂಳನ್ನೂ ಸೆಕೆಯನ್ನೂ ತಾಳಬಲ್ಲ, ನಮ್ಮವರೇ ರಚಿಸಿದ ಸಿ-ಡಾಟ್ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕಿತ್ತೂರಿಗೇ ಮೊದಲು ಬಂದಿತು. ಅಲ್ಲಿಯವರೆಗೆ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರಿಗೆ ತಮ್ಮ ಕರೆ ಯಾರ ಕೃಪೆಯಿಂದ ಸಾಗುತ್ತಿದೆಯೆಂಬುದು ತಿಳಿದಿತ್ತು. ಈಗ ತಿಳಿಯದು, ಅಧಿಕಾರ ಮಾತ್ರ ಹಾಗೆಯೇ ಉಳಿದಿದೆ.

ಆ ತಂತ್ರಜ್ಞನು ಬರೆದ ನಿಯಮಗಳ ಹಿಂದೆ ಒಂದೇ ಒಂದು ತತ್ತ್ವವಿತ್ತು: ಅಗ್ಗದ ದಾರಿ. 1956ರಲ್ಲಿ ರಾಜ್ಯಗಳು ವಿಂಗಡವಾದಾಗ ವಿಜಯಪುರ ಆಚೆಗೆ ಹೋಯಿತು, ಜತ್ತ ಈಚೆಗೆ ಉಳಿಯಿತು. ಆದರೆ ಜಿಲ್ಲಾಸ್ಥಾನವಾದ ಸಾಂಗಲಿಗಿಂತ ವಿಜಯಪುರವೇ ಹತ್ತಿರವಿರುವ ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆಗಾರನು ಗಡಿಯಾಚೆಯ ಇಂಡಿಯವನೂ ಆಗಿರಬಹುದು, ಈಚೆಯ ಸಂಖದವನೂ ಆಗಿರಬಹುದು, ಸವಾಲಿನ ಪೇಟೆ ತಾಸಗಾಂವದಲ್ಲಿರಬಹುದು. ಆದುದರಿಂದ 08352 ಎಂದಾಗಲಿ, ಕರ್ನಾಟಕದ ಬಿಎಸ್‌ಎನ್‌ಎಲ್‌ ಮೊಬೈಲಿನ 9448 ಎಂದಾಗಲಿ ಸಂಖ್ಯೆ ಆರಂಭವಾದರೆ ಗಡಿಯಾಚೆಯ ಟವರನ್ನು ಹಿಡಿಯುವ ವಿಜಯಪುರದ ಸಿಮ್ಮಿಗೆ, 9422 ಎಂದರೆ ಮಹಾರಾಷ್ಟ್ರದ ಸಿಮ್ಮಿಗೆ, ಉಳಿದುದೆಲ್ಲ ಲ್ಯಾಂಡ್‌ಲೈನಿಗೆ ಎಂದು ಅವನು ವಿಧಿಸಿದ್ದನು. ದೂರ ಹೆಚ್ಚಿದಂತೆ ಎಸ್‌ಟಿಡಿಯ ದರ ಏರುತ್ತಿದ್ದ ಮತ್ತು ರೋಮಿಂಗಿಗೆ ದುಡ್ಡು ತೆರಬೇಕಾಗಿದ್ದ ಕಾಲದಲ್ಲಿ ಹುಟ್ಟಿದ ಜಾಣತನವಿದು. ಆದರೆ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ 2006ರಲ್ಲಿಯೇ ಬಂದಿತು. 2015ರ ಜುಲೈಯಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ಹಳೆಯ ಮೊಬೈಲ್ ಸಂಖ್ಯೆಯನ್ನೇ ಇಟ್ಟುಕೊಳ್ಳುವ ಅನುಕೂಲವಾದ ಮೇಲೆ, ಅಂಕಿಗಳ ಮುಖ ನೋಡಿ ಊರು ಹೇಳುವ ವಿದ್ಯೆಯೂ ಕೆಟ್ಟಿತು. ಕಾರಣಗಳು ಸತ್ತುಹೋದ ಮೇಲೂ ನಿಯಮಗಳು ಬದುಕಿದ್ದವು.

ಇದರಿಂದ ನಷ್ಟವೇನು? ಇಂಡಿಯ ಬೆಳೆಗಾರನ ಮೊಬೈಲಿನಲ್ಲಿ, ತೂಕದ ಪಾವತಿಯ ಮೇಲೆ ಅಚ್ಚಾಗಿರುವ 02344ರ ಪರಿಚಿತ ಸಂಖ್ಯೆಗೆ ಬದಲಾಗಿ ಎಂದೂ ಕಾಣದ ಸಂಖ್ಯೆಯೊಂದು ಮೂಡುತ್ತದೆ. ಸಾಲ ಬೇಕೇ, ವಿಮೆ ಬೇಕೇ ಎಂದು ದಿನಕ್ಕೆ ಹತ್ತು ಸಲ ಪೀಡಿಸುವವರ ಸಂಖ್ಯೆಗಳ ಜೊತೆಗೆ ಅದನ್ನೂ ಸೇರಿಸಿ ಅವನು ಕಟ್ ಮಾಡುತ್ತಾನೆ. ಒಂದು ವೇಳೆ ಸಂಶಯ ಬಂದು ಮರಳಿ ಕರೆದನೋ, ಹೊರಹೋಗುವ ಕರೆಗಳಿಗೆಂದೇ ಹಾಕಿದ ಆ ಸಿಮ್ಮಿಗೆ ಒಳಬರುವ ಕರೆಯನ್ನು ಯಾವ ಫೋನಿಗೆ ಕೊಡಬೇಕೆಂದು ಯಾರೂ ಹೇಳಿರಲಿಲ್ಲವಾಗಿ, ಗಂಟೆ ಗೋಡೆಯ ಪೆಟ್ಟಿಗೆಯೊಳಗೇ ಬಡಿದು ಬಡಿದು ಸುಮ್ಮನಾಗುತ್ತದೆ. ನಿಮಿಷಕ್ಕೆ ಕೆಲವು ಪೈಸೆ ಉಳಿಸಲು ಹೋಗಿ, ಸವಾಲಿನ ದಿನ ಮಾಲು ಬೇರೊಬ್ಬರ ಪಾಲಾಗುವುದನ್ನು ಸಾಹುಕಾರರು ‘ನಸೀಬು’ ಎನ್ನುತ್ತಿದ್ದರು. ಕರೆ ಅಗ್ಗವೇ ಎಂಬುದು ಈಗ ಕೇಳಬೇಕಾದ ಪ್ರಶ್ನೆಯಲ್ಲ. ಎತ್ತಿಕೊಳ್ಳುವವನು ನಮ್ಮನ್ನು ಗುರುತಿಸುವನೇ ಎಂಬುದು ಪ್ರಶ್ನೆ. ಒಂದು ಲೈನು ಕೆಟ್ಟರೆ ಇನ್ನೊಂದರಿಂದ ಕರೆ ಹೋಗಲಿ, ಅದು ಬೇಕಾದುದೇ; ಆದರೆ ಮೊದಲನೆಯ ಸ್ಥಾನ ಯಾವುದಕ್ಕೆ ಎಂಬುದನ್ನು ವ್ಯಾಪಾರ ಬಲ್ಲವನು ಹೇಳಬೇಕೇ ಹೊರತು ಪೆಟ್ಟಿಗೆ ಬಲ್ಲವನಲ್ಲ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆಯುವಾಗ ಮುಂದೆ ಸೊನ್ನೆ ಸೇರಿಸಬೇಕೆಂದು ಸರಕಾರದ ಆಜ್ಞೆಯಾದಾಗಲೂ ಹೀಗೆಯೇ ಆಯಿತು. ಗುಮಾಸ್ತನು ಸೊನ್ನೆ ಒತ್ತುತ್ತಿದ್ದನು, ಹೊರಗಿನ ಲೈನಿನ ಸಂಕೇತವೆಂದು ಪೆಟ್ಟಿಗೆ ಅದನ್ನು ತಾನೇ ನುಂಗುತ್ತಿತ್ತು, “ಸೊನ್ನೆ ಸೇರಿಸಿ” ಎಂದು ಆಚೆಯ ಧ್ವನಿ ಹೇಳುತ್ತಿತ್ತು, “ಹಚ್ಚೇನಲ್ಲವಾ!” ಎಂದು ಇವನು ಅದರೊಡನೆ ಜಗಳವಾಡುತ್ತಿದ್ದನು. ಎರಡು ಸೊನ್ನೆ ಬೇಕೆಂದು ಹೊಳೆಯಲು ಮೂರು ದಿನ ಹಿಡಿಯಿತು. ಮೊಬೈಲ್ ಸಂಖ್ಯೆಯ ಮುಂದೆ ಸೊನ್ನೆಯನ್ನು ತಾನಾಗಿಯೇ ಜೋಡಿಸೆಂದು ಪೆಟ್ಟಿಗೆಗೆ ಹೇಳಲು ಒಂದು ಸಾಲು ಸಾಕಾಗಿತ್ತು.

ಇವೆಲ್ಲ ದುಡ್ಡಿನ, ಸಮಯದ ಮಾತು. ಈ ಮಳೆಗಾಲದ ಮೊದಲು ನಾವಿಬ್ಬರೂ ಕುಳಿತು ಆ ನಿಯಮಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳುವಾಗ ಕಂಡದ್ದು ಬೇರೆಯೇ ಜಾತಿಯದು. ಒಳಗಿನ ಫೋನುಗಳಿಗೆ 101ರಿಂದ ಸಾಲಾಗಿ ಸಂಖ್ಯೆ ಕೊಡಲಾಗಿತ್ತು. 101 ಸಾಹುಕಾರರ ಮೇಜು, 108 ಕಾಟಾಮನೆ, 112 ಗೋದಾಮು. ಎಂದರೆ ಬೆಂಕಿ ಬಿದ್ದು 101 ಒತ್ತಿದರೆ ಸಾಹುಕಾರರು, ಆಂಬುಲೆನ್ಸಿಗೆಂದು 108 ಒತ್ತಿದರೆ ತೂಕದವನು, ಪೊಲೀಸರಿಗೆಂದು 112 ಒತ್ತಿದರೆ ಹಮಾಲರು “ಯಾರ್ರೀ?” ಎನ್ನುತ್ತಿದ್ದರು. ಸೊನ್ನೆ ಸೇರಿಸಿ ಒತ್ತಿದ್ದರೂ, ಲ್ಯಾಂಡ್‌ಲೈನು ಕೆಟ್ಟು ಆ ಕರೆ ವಿಜಯಪುರದ ಸಿಮ್ಮಿನಿಂದ ಹೊರಟಿದ್ದರೆ ಕರ್ನಾಟಕದ ನಿಯಂತ್ರಣ ಕೊಠಡಿಯಲ್ಲಿ ಗಂಟೆಯಾಗಿ, ನೆರವು ಮಹಾರಾಷ್ಟ್ರದಿಂದ ಬರಬೇಕಾದಲ್ಲಿ ಮೊದಲು ಊರಿನ ವಿಚಾರಣೆ ನಡೆಯುತ್ತಿತ್ತು. ಈ ಪೆಟ್ಟಿಗೆಗಳು ಗಡಿಯ ಎರಡೂ ಬದಿಯ ಲಾಡ್ಜು, ದವಾಖಾನೆ, ಸೊಸಾಯಿಟಿ, ಶಾಲೆಗಳಲ್ಲಿವೆ. ಕರೆಗಳ ನಿಯಮಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಪೆಟ್ಟಿಗೆಯ ಕೆಳಗೆ ಅಂಟಿಸದ ತಂತ್ರಜ್ಞನಿಗೆ ಬಿಲ್ಲಿನ ಹಣ ಕೊಡಬಾರದೆಂದು ನಾನು ಹೇಳುತ್ತೇನೆ. ಇದು ಅತಿಯಾಯಿತೆಂದು ಸಾಹುಕಾರರ ಮಗನ ಅಭಿಪ್ರಾಯ.

ಒಳಗಿನ ಸಂಖ್ಯೆಗಳು ಈಗ 201ರಿಂದ ಆರಂಭವಾಗುತ್ತವೆ. 112, 101, 108 ಇವು ಸೊನ್ನೆಯಿಲ್ಲದೆಯೇ, ಬೇರೆಲ್ಲ ನಿಯಮಗಳಿಗಿಂತ ಮೊದಲು, ಲ್ಯಾಂಡ್‌ಲೈನಿನಿಂದಲೇ ಹೋಗುತ್ತವೆ. ಆದರೆ ಬೆರಳಿನ ಅಭ್ಯಾಸ ಒಂದು ಹಾಳೆಯಿಂದ ಹೋಗುವುದಿಲ್ಲ. ಕಳೆದ ವಾರ ಗೋದಾಮಿನವರನ್ನು ಕರೆಯಲೆಂದು ಹುಡುಗನೊಬ್ಬ ಹಳೆಯ ರೂಢಿಯಂತೆ 112 ಒತ್ತಿ, “ಎರಡ ಪೆಟ್ಟಿಗಿ ಕಳಸ್ರೋ” ಎಂದು ಕೂಗಿ, ಆ ಕಡೆಯಿಂದ ಪೊಲೀಸರು ಮರಾಠಿಯಲ್ಲಿ ಊರು ಹೆಸರು ವಿಚಾರಿಸತೊಡಗಿದಾಗ ರಿಸೀವರನ್ನು ಮೇಜಿನ ಮೇಲೆಯೇ ಬಿಟ್ಟು ಹೊರಗೋಡಿದನಂತೆ.