ಮುಟ್ಟಬೇಡಿ ಎಂಬ ಬೋರ್ಡು

ನೀವು ಯಾವ ಊರಿನ ಯಾರ ಮನೆಗೆ ಹೋದರೂ ಹಾಲಿನಲ್ಲಿ ಒಂದು ಷೋಕೇಸು ಇರುತ್ತದೆ. ತಿರುಪತಿಯಿಂದ ತಂದ ರಾಜ-ರಾಣಿ, ಚನ್ನಪಟ್ಟಣದ ತಲೆಯಾಡಿಸುವ ಅಜ್ಜ, ಕೊಂಡಪಲ್ಲಿಯ ಎತ್ತಿನ ಗಾಡಿ, ಆಗ್ರಾದ ತಾಜಮಹಲು, ಯಾರೋ ಅಮೆರಿಕದಿಂದ ತಂದ ಪಿಂಗಾಣಿ ನಾಯಿಮರಿ, ಎಲ್ಲವೂ ಒಂದರ ಹಿಂದೊಂದು ಬಸ್ಸಿನಲ್ಲಿ ನಿಂತ ಹಾಗೆ ನಿಂತಿರುತ್ತವೆ. ಬಾಗಿಲಿಗೆ ಬೀಗ. ಬೀಗದ ಕೈ ಮನೆಯೊಡತಿಯ ಸೊಂಟದಲ್ಲೋ, ದೇವರ ಪಟದ ಹಿಂದೆಯೋ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರೆ, ಗಾಜಿನ ಮೇಲೆ ಮೂಗಿನ ಗುರುತು ಬಿತ್ತಲ್ಲ ಎಂದು ಬೈಗುಳ ಬೇರೆ.

ಈ ಷೋಕೇಸನ್ನು ಕಂಡರೆ ನನಗಾಗದು. ಗೊಂಬೆಗಳ ರಕ್ಷಣೆಗೆಂದು ನಾವು ಇದನ್ನು ಮಾಡಿಸುತ್ತೇವೆ. ಆದರೆ ಅದು ಗೊಂಬೆಗಳನ್ನು ರಕ್ಷಿಸುವುದೂ ಇಲ್ಲ, ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ. ನನ್ನ ವಾದ ಇಷ್ಟೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೇ ಅಂಥದೊಂದನ್ನು ಮಾಡಿಸಿ, ಹದಿನಾರು ವರ್ಷ ಬೀಗ ಹಾಕಿ, ಪಡಬಾರದ ಪಾಡು ಪಟ್ಟು ಹೇಳುತ್ತಿದ್ದೇನೆ.

ನಮ್ಮ ಅಮ್ಮನಿಗೆ ಷೋಕೇಸು ಇರಲಿಲ್ಲ. ಒಂದು ಕಬ್ಬಿಣದ ಟ್ರಂಕು ಇತ್ತು. ವರ್ಷದಲ್ಲಿ ಹನ್ನೊಂದೂವರೆ ತಿಂಗಳು ಅದು ಅಟ್ಟದ ಮೇಲೆ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅಪ್ಪ ಅದನ್ನು ಇಳಿಸುತ್ತಿದ್ದರು. ಅಮ್ಮ ನೆಲಕ್ಕೆ ಜಮಖಾನ ಹಾಸುತ್ತಿದ್ದಳು. ನಾವು ಐದು ಜನ ಮಕ್ಕಳು ಅದರ ಸುತ್ತ ಕುಳಿತುಕೊಳ್ಳಬೇಕು. ನಿಂತುಕೊಂಡು ಗೊಂಬೆ ಮುಟ್ಟುವ ಹಾಗಿಲ್ಲ. ‘ಕೂತ್ಕೊಂಡು, ಎರಡೂ ಕೈಯಲ್ಲಿ’ ಎನ್ನುವುದು ಅಮ್ಮನ ಕಾನೂನು. ಅದರಲ್ಲಿ ಎಷ್ಟು ವಿವೇಕವಿತ್ತು ಎಂದು ಈಗ ತಿಳಿಯುತ್ತದೆ: ಕುಳಿತ ಮಗುವಿನ ಕೈಯಿಂದ ಗೊಂಬೆ ಜಾರಿದರೆ ಅದು ಬೀಳುವುದು ಅರ್ಧ ಅಡಿ, ಅದೂ ಜಮಖಾನದ ಮೇಲೆ. ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿದ್ದ ಗೊಂಬೆಗಳನ್ನು ಒಬ್ಬರು ಬಿಚ್ಚುವುದು, ಒಬ್ಬರು ಒರೆಸುವುದು, ಒಬ್ಬರು ನೋಟುಪುಸ್ತಕದಲ್ಲಿ ಗುರುತು ಹಾಕುವುದು. ಪಟ್ಟದ ಗೊಂಬೆಗಳಿಗೆ ಹೊಸ ಜರಿಯ ಬಟ್ಟೆ ಉಡಿಸುವ ಕೆಲಸಕ್ಕೆ ನಮ್ಮಲ್ಲಿ ಜಗಳವೇ ಆಗುತ್ತಿತ್ತು. ಹಂತಗಳು ಮೂರೋ ಐದೋ ಏಳೋ, ಬೆಸ ಸಂಖ್ಯೆಯಲ್ಲೇ ಇರಬೇಕು. ಮೇಲಿನ ಹಂತದಲ್ಲಿ ರಾಜ-ರಾಣಿ, ಕೆಳಗೆ ಶೆಟ್ಟಿ-ಶೆಟ್ಟಮ್ಮನ ಅಂಗಡಿ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಸಂಜೆ ಬೀದಿಯ ಮಕ್ಕಳೆಲ್ಲ ಗೊಂಬೆ ಬಾಗಿನಕ್ಕೆ ಬರುತ್ತಿದ್ದರು. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಮಾರನೆಯ ದಿನ ಮತ್ತೆ ಎಲ್ಲವನ್ನೂ ಎಣಿಸಿ ಸುತ್ತಿ ಟ್ರಂಕಿಗೆ. 1992ರಲ್ಲಿ ನನ್ನ ಮದುವೆಯಾದಾಗ ರಕ್ತಚಂದನದ ಒಂದು ಜೊತೆ ಪಟ್ಟದ ಗೊಂಬೆ ನನ್ನೊಂದಿಗೆ ಬಂತು. ಅಮ್ಮ ಹೋದ ಮೇಲೆ ಟ್ರಂಕೂ ಬಂತು. ಎಣಿಸಿದರೆ ನಲವತ್ತೇಳು ಗೊಂಬೆ.

ನಾವು ಮನೆ ಕಟ್ಟಿಸಿದ್ದು 1998ರಲ್ಲಿ. ಬಡಗಿ ಕೇಳಿದ: ‘ಮೇಡಂ, ಷೋಕೇಸು ಬೇಡವಾ?’ ಎಲ್ಲರ ಮನೆಯಲ್ಲಿದೆ, ನಮಗೇಕೆ ಬೇಡ? ಗೋಡೆಗೆ ಅಂಟಿದ ಹಾಗೆ ಆರಡಿ ಎತ್ತರದ ಬೀರು, ಮೂರಡಿ ಉದ್ದದ ನಾಲ್ಕು ಗಾಜಿನ ಹಲಗೆ, ಒಳಗೆ ಬಲ್ಬು, ಬಾಗಿಲಿಗೆ ಪುಟ್ಟ ಬೀಗ. ಪದ್ಧತಿಯಂತೆ ವರ್ಷಕ್ಕೊಂದು ಹೊಸ ಗೊಂಬೆ ಬರಬೇಕು. ನಾನು ಹೋದ ಪ್ರವಾಸಗಳಿಂದ, ವಿದ್ಯಾರ್ಥಿಗಳು ಕೊಟ್ಟ ಉಡುಗೊರೆಗಳಿಂದ ವರ್ಷಕ್ಕೆ ಏಳೆಂಟು ಬಂದವು. ನೂರು ದಾಟಿತು. ಮುಂದಿನ ಸಾಲು ಹಿಂದಿನ ಸಾಲನ್ನು ಮರೆಮಾಡಿತು. ಹಂತ ಕಟ್ಟುವುದು, ಟ್ರಂಕು ಇಳಿಸುವುದು ಎಲ್ಲ ತಾಪತ್ರಯ ಎನಿಸಿತು. ನವರಾತ್ರಿ ಬಂದರೆ ಷೋಕೇಸಿನ ಬಲ್ಬು ಹಾಕಿ, ಮುಂದೊಂದು ರಂಗೋಲಿ ಎಳೆದು ಕೈತೊಳೆದುಕೊಂಡೆ. ಸುಲಭ ನೋಡಿ!

2011ರ ನವರಾತ್ರಿಯಲ್ಲಿ ಒಂದು ಬೋರ್ಡನ್ನೂ ಬರೆದೆ. ಆ ವರ್ಷ ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟಿದ್ದೆ, ಅದಕ್ಕೆ. ಮೇಷ್ಟ್ರ ಕೈಬರಹ, ದುಂಡಗೆ, ಕೆಂಪು ಶಾಯಿಯಲ್ಲಿ: ‘ದಯವಿಟ್ಟು ಮುಟ್ಟಬೇಡಿ.’ ಸಂಜೆ ಮಕ್ಕಳು ಬಂದರು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದವರ ಮಗಳೂ ಬಂದಳು. ನನ್ನ ಶಾಲೆಯಲ್ಲೇ ಎರಡನೆಯ ತರಗತಿ. ಅವಳಿಗೆ ಒತ್ತಕ್ಷರ ಹತ್ತುತ್ತಿರಲಿಲ್ಲ. ಜೂನ್‌ನಿಂದ ಮೂರು ತಿಂಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ, ಅಪ್ಪ, ಹಟ್ಟಿ, ಬೆಟ್ಟ ಎಂದು ತಿದ್ದಿಸಿದ್ದೆ. ಆ ಹುಡುಗಿ ಷೋಕೇಸಿನ ಮುಂದೆ ನಿಂತು, ಬೆರಳಿಡದೆ, ತಡವರಿಸದೆ, ಜೋರಾಗಿ ಓದಿದಳು: ‘ದಯವಿಟ್ಟು ಮುಟ್ಟಬೇಡಿ.’ ಓದಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ‘ಸರಿಯಾಗಿ ಓದಿದೆನಾ ಮಿಸ್?’ ಎಂದು ನನ್ನ ಮುಖ ನೋಡಿದಳು.

ಸರಿಯಾಗಿಯೇ ಓದಿದ್ದಳು. ನಾನು ‘ಭೇಷ್’ ಎಂದೆ. ಕೊಬ್ಬರಿ ಮಿಠಾಯಿ ಕೊಡಲು ಹೋದಾಗ ಬೆನ್ನ ಹಿಂದಿನಿಂದ ಒಂದೇ ಕೈ ಮುಂದೆ ಬಂತು. ಇನ್ನೊಂದು ಅಲ್ಲೇ ಉಳಿಯಿತು. ಆ ರಾತ್ರಿ ಬೋರ್ಡನ್ನು ತೆಗೆದೆ. ಆದರೆ ಬೀಗ ತೆಗೆಯುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಹಾಕಿದೆ.

ಬುದ್ಧಿ ಬಂದದ್ದು 2014ರ ಜನವರಿಯ ಒಂದು ರಾತ್ರಿ. ಎರಡು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಭಾರೀ ಸದ್ದು. ಕಳ್ಳರೆಂದು ನಮ್ಮವರು ದೊಣ್ಣೆ ಹಿಡಿದು ಓಡಿದರು. ಕಳ್ಳರಿಲ್ಲ. ಬೀಗ ಹಾಕಿದ ಹಾಗೇ ಇದೆ. ಮೇಲಿನಿಂದ ಎರಡನೆಯ ಗಾಜಿನ ಹಲಗೆ ನಡುವೆ ಮುರಿದು ಕೆಳಗಿನದರ ಮೇಲೆ ಬಿದ್ದು, ಅದೂ ಮುರಿದು, ಗೊಂಬೆಗಳೆಲ್ಲ ಗಾಜಿನ ಚೂರಿನಲ್ಲಿ ಹೂತುಹೋಗಿವೆ. ಮೂರಡಿ ಉದ್ದದ ತೆಳು ಗಾಜು, ನಡುವೆ ಆಧಾರವಿಲ್ಲ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಭಾರದ ಗಣಪತಿಗಳು. ಹದಿನಾರು ವರ್ಷ ಹೊತ್ತದ್ದೇ ಹೆಚ್ಚು. ಅಮ್ಮನ ಕಾಲದ ಮಣ್ಣಿನ ಶೆಟ್ಟಮ್ಮ ಪುಡಿಯಾಗಿದ್ದಳು. ಐವತ್ತು ವರ್ಷ ಐದು ಮಕ್ಕಳ ಕೈಯಲ್ಲಿ ಓಡಾಡಿದ ಶೆಟ್ಟಮ್ಮ ಬೀಗದೊಳಗೆ ಸತ್ತಳು.

ಮರುದಿನ ನಾನು ಮೇಷ್ಟ್ರ ಬುದ್ಧಿಯಿಂದ ಹಳೆಯ ನೋಟುಪುಸ್ತಕ ತೆಗೆದು ಲೆಕ್ಕ ಹಾಕಿದೆ. ಮದುವೆಯಾದಾಗಿನಿಂದ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಕೆಟ್ಟ, ಒಡೆದ ಗೊಂಬೆ ಒಟ್ಟು 31. ಗಾಜಿನ ಹಲಗೆ ಬಿದ್ದು ಒಡೆದದ್ದು 14. ಪಶ್ಚಿಮದ ಕಿಟಕಿಯ ಬಿಸಿಲಿಗೂ ಒಳಗಿನ ಬಲ್ಬಿನ ಕಾವಿಗೂ ಬಣ್ಣ ಮಾಸಿದ್ದು, ಬಿರುಕು ಬಿಟ್ಟದ್ದು 5. ಗೋಡೆಯ ತೇವ, ಗೆದ್ದಲು, ಮರ ಕೊರೆಯುವ ಹುಳುವಿಗೆ ತುತ್ತಾದದ್ದು 6. ಒದ್ದೆ ಬಟ್ಟೆಯಲ್ಲಿ ಒರೆಸಿ ನಾನೇ ಬಣ್ಣ ಕಿತ್ತದ್ದು 3. ಮಕ್ಕಳ ಕೈಯಲ್ಲಿ ಒಡೆದದ್ದು 3. ಆ ಮೂರರಲ್ಲಿ ಎರಡನ್ನು ಫೆವಿಕಾಲ್ ಹಾಕಿ ಕೂಡಿಸಿದ್ದೆ. ಈಗ ನೀವೇ ಹೇಳಿ, ‘ಮುಟ್ಟಬೇಡಿ’ ಎಂಬ ಬೋರ್ಡನ್ನು ಯಾರಿಗೆ ತೋರಿಸಬೇಕಾಗಿತ್ತು?

‘ಧೂಳಿಗೆ ಏನು ಮಾಡುವುದು?’ ಎಂದು ನನ್ನ ನಾದಿನಿ ಕೇಳುತ್ತಾಳೆ. ಧೂಳಿಗೆ ಬಾಗಿಲು ಸಾಕಮ್ಮ, ಬೀಗ ಬೇಕಿಲ್ಲ. ಬೀಗ ಇರುವುದು ಮನುಷ್ಯರಿಗಾಗಿ. ಯಾವ ಮನುಷ್ಯರಿಗಾಗಿ ಎಂಬುದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಹಾಗೆಯೇ ಇರುವ ನೆಂಟರು ಬಂದಾಗ ಬೀಗ ತೆರೆದು, ‘ಇದು ಜೈಪುರದ್ದು, ಕೈಯಲ್ಲಿ ಹಿಡಿದು ನೋಡಿ’ ಎನ್ನುತ್ತೇವೆ. ಅದೇ ಹಾಲನ್ನು ದಿನವೂ ಗುಡಿಸಿ ಒರೆಸುವವರಿಗೆ ಹಾಗೆ ಹೇಳಿದ್ದುಂಟೆ? ನಾನು ಹೇಳಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

‘ಮೈಸೂರು ಅರಮನೆಯ ಗೊಂಬೆತೊಟ್ಟಿಯಲ್ಲೂ ಗಾಜಿನೊಳಗೇ ಅಲ್ಲವೆ ಇಟ್ಟಿರುವುದು?’ ಎನ್ನುವವರಿದ್ದಾರೆ. ಹೌದು. ಅಲ್ಲಿಗೆ ದಿನವೂ ಸಾವಿರಾರು ಜನ ಬರುತ್ತಾರೆ, ನೂರು ವರ್ಷಕ್ಕೂ ಹಿಂದಿನ ವಸ್ತುಗಳಿವೆ, ನೋಡಿಕೊಳ್ಳಲು ಸಿಬ್ಬಂದಿ ಇದ್ದಾರೆ. ನಮ್ಮ ಮನೆ ಅರಮನೆಯೂ ಅಲ್ಲ, ಮ್ಯೂಸಿಯಮ್ಮೂ ಅಲ್ಲ. ಅಲ್ಲಿಯ ಗಾಜನ್ನು ತಂದುಕೊಂಡೆವು, ಅಲ್ಲಿಯ ಜಾಗರೂಕತೆಯನ್ನು ತರಲಿಲ್ಲ.

‘ಮಕ್ಕಳಿಗೆ ಏನು ಗೊತ್ತಾಗುತ್ತದೆ?’ ಎಂಬುದು ಕೊನೆಯ ಬಾಣ. ಬಿ.ಎಡ್. ಓದುವಾಗ ಮಾಂಟೆಸ್ಸರಿಯವರ ಹೆಸರನ್ನು ನಾವೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. 1939ರಲ್ಲಿ ಭಾರತಕ್ಕೆ ಬಂದು ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟ ಆ ತಾಯಿ, ಮಕ್ಕಳ ಕೈಗೆ ಗಾಜಿನ ಲೋಟ, ಪಿಂಗಾಣಿ ತಟ್ಟೆಗಳನ್ನೇ ಕೊಡಬೇಕೆಂದರು. ಒಡೆಯುವ ವಸ್ತುವನ್ನು ಹಿಡಿಯದೆ ಜೋಪಾನ ಕಲಿಯುವುದು ಹೇಗೆ? ನಮ್ಮ ಅಮ್ಮ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಜಮಖಾನದ ಮೇಲೆ ಅವಳು ಮಾಡಿದ್ದೂ ಇದೇ ಪಾಠ.

ಹಾಗೆಂದು ಗೊಂಬೆಗಳನ್ನು ಬೀದಿಯಲ್ಲಿ ಸುರಿಯಿರಿ ಎನ್ನುತ್ತಿಲ್ಲ. ಕಷ್ಟಪಟ್ಟು ಕಲಿತ ನಾಲ್ಕು ಮಾತು ಹೇಳಿಬಿಡುತ್ತೇನೆ. ಗೊಂಬೆಯನ್ನು ಇಡುವ ಮುನ್ನ ಅದು ಯಾವುದರಿಂದ ಆದದ್ದು ಎಂದು ತಿಳಿಯಬೇಕು. ಚನ್ನಪಟ್ಟಣದ್ದು ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿದ್ದು. ಅರಗಿಗೆ ಶಾಖ ಆಗದು, ಸ್ಪಿರಿಟ್ಟೂ ಆಗದು. ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮೆರುಗು ತಾನಾಗಿ ಬರುತ್ತದೆ. ಕಿನ್ನಾಳದ್ದು ಹಗುರ ಮರ. ಅದರ ಮೇಲೆ ಹುಣಿಸೆ ಬೀಜದ ಅಂಟು ಬೆರೆಸಿದ ಲೇಪ, ಆಮೇಲೆ ಬಣ್ಣ. ಅಂಟು ಇರುವುದರಿಂದ ಹುಳುವಿಗೆ ಅದು ಹಬ್ಬ, ತೇವ ತಾಗಿದರೆ ಲೇಪ ಏಳುತ್ತದೆ. ಸುಡದ ಮಣ್ಣಿನ ಗೊಂಬೆಗೆ ನೀರಿನ ಹನಿಯೂ ಶತ್ರು, ಅದನ್ನು ಕುಂಚದಿಂದ ಝಾಡಿಸಬೇಕು. ತಲೆ, ಕೈ ಹಿಡಿದು ಎತ್ತಬಾರದು, ಪೀಠ ಹಿಡಿಯಬೇಕು.

ಸುತ್ತಿಡಲು ವೃತ್ತಪತ್ರಿಕೆ ಬೇಡ, ಶಾಯಿ ಅಂಟುತ್ತದೆ. ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆಯೇ ಒಳ್ಳೆಯದು. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಗೊಂಬೆಗಳ ಜೊತೆ ಹಾಕಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ಕು ಅದರ ಆವಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಅಮ್ಮ ಬಜೆ ಬೇರು, ಒಣಗಿದ ಬೇವಿನ ಎಲೆಯನ್ನು ಗಂಟು ಕಟ್ಟಿ ಇಡುತ್ತಿದ್ದಳು, ನಾನೂ ಇಡುತ್ತೇನೆ. ವರ್ಷವಿಡೀ ಹೊರಗಿಡುವವರು ಬಿಸಿಲು ಬೀಳದ ಒಳಗೋಡೆ ಆರಿಸಿಕೊಳ್ಳಿ. ಗಾಜಿಗಿಂತ ಮರದ ಹಲಗೆ ವಾಸಿ, ನಡುವೆ ಆಧಾರವಿರಲಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎಲ್ಲಕ್ಕಿಂತ ಮುಖ್ಯ, ಬೀರುವನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಮಗು ಹತ್ತಲು ಹೋಗಿ ಬೀರು ಉರುಳಿದರೆ ಹೋಗುವುದು ಗೊಂಬೆಯಷ್ಟೇ ಅಲ್ಲ. ಮೂರು ವರ್ಷದೊಳಗಿನ ಕೂಸಿರುವ ಮನೆಯಲ್ಲಿ ಬೆರಳುದ್ದದ ಗೊಂಬೆಗಳನ್ನು ಖಂಡಿತ ಕೈಗೆಟುಕದಂತೆ ಇಡಬೇಕು, ಅವು ಬಾಯಿಗೆ ಹೋಗುತ್ತವೆ. ಇಲ್ಲಿ ನಾನು ಬೀಗವನ್ನೂ ಒಪ್ಪುತ್ತೇನೆ, ಏಕೆಂದರೆ ಇಲ್ಲಿ ಕಾಯುವುದು ಮಗುವನ್ನು.

ಇನ್ನು ಬೆಳೆಯುವ ಸಂಗ್ರಹದ ಮಾತು. ಟ್ರಂಕು ಬೆಳೆಯುವುದಿಲ್ಲವಲ್ಲ! ವರ್ಷಕ್ಕೊಂದು ಗೊಂಬೆ ತರುವ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಆದರೆ ಒಂದು ಬಂದರೆ ಒಂದು ಹೋಗಬೇಕು. ಹೋಗುವುದು ಅಟ್ಟಕ್ಕಲ್ಲ, ಇನ್ನೊಂದು ಮನೆಗೆ, ಅಂಗನವಾಡಿಗೆ, ಹೊಸದಾಗಿ ಹಂತ ಕಟ್ಟುವ ಹುಡುಗಿಯರಿಗೆ. ಕೊಡುವಾಗ ಮುರಿದದ್ದನ್ನು ಕೊಡಬೇಡಿ. ಕೊಡಲು ಹೊಟ್ಟೆಯುರಿಯುವಂಥದ್ದನ್ನೇ ಕೊಡಿ.

ಆ ಷೋಕೇಸಿನ ಗಾಜುಗಳನ್ನು ತೆಗೆಸಿ ಮರದ ಹಲಗೆ ಹಾಕಿಸಿದೆ. ಈಗ ಅದರಲ್ಲಿ ಮಕ್ಕಳ ಪುಸ್ತಕಗಳಿವೆ, ಬೀಗವಿಲ್ಲ. ಬಡಗಿಯ ಕೈಯಲ್ಲಿ ಐದು ಹಂತ ಮಾಡಿಸಿದ್ದೇನೆ. ಮಣ್ಣಿನವು ಮೇಲೆ, ಮರದವು ಕೆಳಗೆ. ಕೆಳಗಿನ ಹಂತ ಪೂರ್ತಿ ಮಕ್ಕಳದು, ಅವರು ಏನು ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ರಾಮನ ಪಟ್ಟಾಭಿಷೇಕಕ್ಕೆ ಒಮ್ಮೆ ರೈಲುಗಾಡಿ ಬಂದಿತ್ತು, ಯಾರೂ ಆಕ್ಷೇಪಿಸಲಿಲ್ಲ. ಶೆಟ್ಟಿ ಇನ್ನೂ ಒಬ್ಬನೇ ಅಂಗಡಿಯಲ್ಲಿ ಕುಳಿತಿದ್ದಾನೆ. ಬೇರೆ ಶೆಟ್ಟಮ್ಮನನ್ನು ತರಲು ನನಗೆ ಮನಸ್ಸು ಬರಲಿಲ್ಲ.

ಆ ಹುಡುಗಿಯನ್ನು 2014ರ ನವರಾತ್ರಿಗೆ ಹಿಂದಿನ ದಿನವೇ ಕರೆದಿದ್ದೆ, ಟ್ರಂಕು ಬಿಚ್ಚುವುದಕ್ಕೆ. ಆಗ ಐದನೆಯ ತರಗತಿ. ಜಮಖಾನದ ಮೇಲೆ ಕುಳಿತು ಅಮ್ಮನ ಪಟ್ಟದ ರಾಣಿಯನ್ನು ಹಿಡಿದುಕೊಂಡಳು. ಅವಳೇ ಬೋರ್ಡು ಬರೆಯುತ್ತೇನೆಂದಳು. ಅವಳಿಗೆ ನಾನು ಹೇಳಿ ಬರೆಸಿದ್ದು ಅಮ್ಮನ ಕಾನೂನನ್ನೇ. ‘ಕೂತುಕೊಂಡು, ಎರಡೂ ಕೈಯಲ್ಲಿ ಹಿಡಿಯಿರಿ.’ ಪ್ರತಿ ವರ್ಷ ನಮ್ಮ ಕೆಳಗಿನ ಹಂತದ ಪಕ್ಕದಲ್ಲಿ ಇಡುವುದು ಆ ಬೋರ್ಡನ್ನೇ. ಅದರಲ್ಲಿ ಒಂದೇ ಒಂದು ಒತ್ತಕ್ಷರವಿದೆ ಎಂಬುದನ್ನು ಅವಳೇ ನನಗೆ ತೋರಿಸಿಕೊಟ್ಟಳು.